ಚಮನಸಾಬ ತಂದ ಕರಡಿಗೆ

೧೪ ನವೆಂಬರ್ ೧೯೮೧, ಶನಿವಾರ

‘ಹೆಸರು ಹಿಡಿದು ಕೂಗಿದರೆ ದೂರ ಕರಗುತ್ತದೆ’ ಎಂದೋ, ‘ದೂರ ಬೆದರುತ್ತದೆ’ ಎಂದೋ ಒಂದು ಸಾಲು. ಎಲ್ಲಿ ಓದಿದ್ದೆನೋ ನೆನಪಿಲ್ಲ. ಬೆಳಿಗ್ಗೆ ಹುನಗುಂದದ ಬಸ್ಸಿನಲ್ಲಿ ಕೂತಾಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಬರೆದವರು ಯಾರೇ ಇರಲಿ, ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತು ಹೆಸರು ಹೇಳಿದವರಂತೂ ಅಲ್ಲ. ಒಂದು ವರ್ಷದಿಂದ ನಾನು ತಮ್ಮನ ಹೆಸರು ಹೇಳುತ್ತಲೇ ಇದ್ದೇನೆ. ಹುನಗುಂದದಲ್ಲಿ ಹೇಳಿದೆ, ವಿಜಾಪುರದಲ್ಲಿ ಹೇಳಿದೆ, ದಿಲ್ಲಿಗೆ ಬರೆದು ಕಳಿಸಿದೆ. ದೂರ ಇದ್ದಲ್ಲಿಯೇ ಇದೆ.

ಆ ಸಾಲಿನ ಮೇಲೆ ಇನ್ನೊಂದು ತಕರಾರು. ಕೂಗಬೇಕಾದವಳು ಹೆಸರು ಹಿಡಿಯುವುದೇ ಇಲ್ಲವಲ್ಲ. ಇವತ್ತು ಗುಮಾಸ್ತ ಅರ್ಜಿ ತಿರುವಿ ಹಾಕಿ, ತಮ್ಮನ ಹೆಂಡತಿ ಶಿವಬಸವ್ವನನ್ನು ಕೇಳಿದ: “ನಿನ್ನ ಗಂಡನ ಹೆಸರೇನವಾ?”

ಶಿವಬಸವ್ವ ನೆಲ ನೋಡಿದಳು. ನಾನು ಬಾಯಿ ತೆರೆದೆ.

“ನೀವ ಸುಮ್ನಿರ್ರಿ ಅಕ್ಕೋರ. ಆಕಿ ಬಾಯಿಲೇ ಬರಬೇಕು.”

ಪಕ್ಕದಲ್ಲಿ ನಿಂತಿದ್ದ ರಂಜಾನಬಿ ತಟ್ಟನೆ, “ರಾಚಪ್ಪ ರೀ ಸಾಹೇಬ್ರ” ಅಂದಳು. ಆತ ಬರೆದುಕೊಂಡ. ರಂಜಾನಬಿಯ ಅರ್ಜಿ ಬಂದಾಗ ಆಕೆ ಸೆರಗು ಬಾಯಿಗೆ ಇಟ್ಟುಕೊಂಡಳು. ಈಗ ಶಿವಬಸವ್ವ ತಲೆ ಎತ್ತಿ, “ಚಮನಸಾಬ ರೀ” ಎಂದಳು. ಸಹಿ ಮಾಡಿಸುವಾಗ ನೋಡಿದರೆ ನಮ್ಮ ರಾಚಪ್ಪನಿಗೆ ರಂಜಾನಬಿ ಹೆಂಡತಿಯಾಗಿದ್ದಳು.

“ಯಾರ ಗಂಡ ಯಾರು ಅನ್ನೂದನ್ನ ಮನ್ಯಾಗ ತೀರ್ಮಾನ ಮಾಡ್ಕೊಂಡ ಬರಬಾರದೇನ್ರೆವಾ?” ಎಂದು ಆತ ಸಿಟ್ಟಿನಿಂದ ಗೀಚಿ ತಿದ್ದಿದ. ಬಸ್ಸಿನಲ್ಲಿ ಇಬ್ಬರೂ ಇಳಕಲ್ ಬರುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನನಗೆ ನಗಲು ಆಗಲಿಲ್ಲ. ಸೊಂಟ ನೋಯುತ್ತಿತ್ತು.

ಮುಂದೆ ಎಂದಾದರೂ ತಿರುವಿ ನೋಡಿದರೆ ನನಗೇ ಗೊಂದಲವಾಗದಿರಲೆಂದು ಬರೆದಿಡುತ್ತೇನೆ. ತಮ್ಮ ರಾಚಪ್ಪ, ಪಕ್ಕದ ಮನೆಯ ಚಮನಸಾಬ, ಇಬ್ಬರೂ ಇಲ್ಲಿನ ಕಲ್ಲಿಗೆ ಹೊಳಪು ಕೊಡುವವರು. ಒಬ್ಬ ಗುತ್ತಿಗೆದಾರನ ಕಡೆಯಿಂದ ಇರಾಕಿನ ಬಸ್ರಾಕ್ಕೆ ನೆಲಗಲ್ಲು ಹಾಸಲು ಹೋದರು. ಹೋದ ವರ್ಷ ದಸರೆಯ ಸುಮಾರಿಗೆ ಇರಾಕಿಗೂ ಇರಾನಿಗೂ ಯುದ್ಧ ಹತ್ತಿತು. ಇವರು ಲಾಂಚು ಹತ್ತಿ ನದಿಯಲ್ಲಿ ಓಡಿಬರುವಾಗ ಇರಾನಿನ ಸಿಪಾಯಿಗಳು ಹಿಡಿದರು. ಶತ್ರುವಿನ ಕೆಲಸಗಾರರು ಎಂದು ಒಳನಾಡಿನ ಯಾವುದೋ ಸೈನಿಕ ಛಾವಣಿಯಲ್ಲಿ ಇಟ್ಟಿದ್ದಾರೆ. ಕೈಯಲ್ಲಿ ಕಲ್ಲುಜ್ಜುವ ಗಾಲಿ ಬಿಟ್ಟು ಬೇರೇನೂ ಹಿಡಿದವರಲ್ಲ. ಫೆಬ್ರುವರಿಯಲ್ಲಿ ರೆಡ್ ಕ್ರಾಸಿನಿಂದ ಒಂದು ಚೀಟಿ ಬಂತು: ‘ಜೀವಂತ ಇದ್ದೇವೆ, ಕಾಳಜಿ ಬೇಡ.’ ಕೆಳಗೆ ಇಬ್ಬರ ಸಹಿ. ಆಮೇಲೆ ಏನೂ ಇಲ್ಲ.

೬ ಡಿಸೆಂಬರ್, ಭಾನುವಾರ

ಸಂಜೆಯ ವಾರ್ತೆಯ ಹೊತ್ತಿಗೆ ರಂಜಾನಬಿ ತನ್ನ ರೇಡಿಯೋವನ್ನು ಎರಡು ಮನೆಯ ನಡುವಿನ ಗೋಡೆಯ ಮೇಲೆ ಇಡುತ್ತಾಳೆ. ಈ ಕಡೆ ನಾವಿಬ್ಬರು, ಆ ಕಡೆ ಆಕೆ. ಯುದ್ಧದ ಸುದ್ದಿ ಎರಡು ವಾಕ್ಯ. ಸತ್ತವರ ಲೆಕ್ಕವನ್ನು ಒಂದು ದೇಶ ಒಂದು ಹೇಳಿದರೆ ಇನ್ನೊಂದು ಬೇರೆ ಹೇಳುತ್ತದೆ. ಹಿಡಿದಿಟ್ಟವರ ಮಾತು ಯಾರೂ ಎತ್ತುವುದಿಲ್ಲ.

ಚಳಿ ಬಿದ್ದಿದೆ. ಅಲ್ಲಿ ಇನ್ನೂ ಹೆಚ್ಚಂತೆ. ರಾಚಪ್ಪನಿಗೆ ಚಳಿಯ ಚಿಂತೆಯಿಲ್ಲ, ಅಂಗಿ ಬಿಚ್ಚಿ ಅಂಗಳದಲ್ಲಿ ಮಲಗುವ ಪ್ರಾಣಿ. ಅವನಿಗೆ ಚಹಾ ಇಲ್ಲದಿದ್ದರೆ ಕಷ್ಟ. ಬಸಿಯಲ್ಲಿ ಸುರುವಿಕೊಂಡು ಬೀದಿಗೆಲ್ಲ ಕೇಳುವಂತೆ ಹೀರುತ್ತಾನೆ, ನಾನು ಬೈಯುತ್ತೇನೆ, ಅವನು ಇನ್ನಷ್ಟು ಸಪ್ಪಳ ಮಾಡುತ್ತಾನೆ. ಅಲ್ಲಿ ಕರಿ ಚಹಾ ಕೊಡುತ್ತಾರೆಂದು ಯಾರೋ ಹೇಳಿದರು. ಸದ್ಯ.

೨೪ ಜನವರಿ ೧೯೮೨, ಭಾನುವಾರ

ಬಾದಾಮಿಗೆ ಹೋಗಿ ಬಂದೆವು. ಅಲ್ಲಿ ಒಬ್ಬ ಬಿಡುಗಡೆಯಾಗಿ ಬಂದಿದ್ದಾನೆ ಎಂದು ಸುದ್ದಿ. ಹುಡುಕಿಕೊಂಡು ಹೋದರೆ ಆತ ಕುವೈತಿನಿಂದ ರಜೆಗೆ ಬಂದವನು. ಮೊಣಕಾಲಿನವರೆಗೆ ಧೂಳು ಮೆತ್ತಿಕೊಂಡು ಬಂದ ಮೂವರು ಹೆಂಗಸರನ್ನು ನೋಡಿ ಪಾಪ, ತಾನೇ ತಪ್ಪು ಮಾಡಿದವನಂತೆ ಕೂತ. ಅವನ ತಾಯಿ ಅವಲಕ್ಕಿ ಕೊಟ್ಟಳು. ತಿಂದು ಬಂದೆವು.

ದಿಲ್ಲಿಯ ಉತ್ತರ ಬಂದಿತ್ತು. ವಿಷಯ ಪರಿಶೀಲನೆಯಲ್ಲಿದೆ. ಅದೇ ಕಾಗದ, ತಾರೀಖು ಬೇರೆ. ನಾಳೆ ಇನ್ನೊಂದು ಅರ್ಜಿ ಹಾಕುವೆ.

೧೦ ಏಪ್ರಿಲ್, ಶನಿವಾರ

ದಿಲ್ಲಿಯಿಂದ ತಾರು ಬಂತು. ರೋಗಿಗಳನ್ನು ಬಿಡುತ್ತಿದ್ದಾರೆ. ಒಂದೇ ಹೆಸರು, ಚಮನಸಾಬನದು.

ರಂಜಾನಬಿ ಓದಿಸಿಕೊಂಡಳು. ಆಕೆಯ ಮುಖದಲ್ಲಿ ಸಂತೋಷ ಹತ್ತಿ ಬರುವುದನ್ನೂ, ಶಿವಬಸವ್ವನನ್ನು ನೋಡಿ ಅದನ್ನು ತಡೆದುಕೊಳ್ಳುವುದನ್ನೂ ಕಂಡೆ. “ರೋಗ ಇದ್ದವರನ್ನ ಬಿಟ್ಟಾರಂದ್ರ ರಾಚಣ್ಣ ಗಟ್ಟಿ ಅದಾನ ಅಂತ ಆತಲ್ರಿ ಅಕ್ಕೋರ” ಅಂದಳು. ಮನೆಗೆ ಹೋಗಿ ಕದ ಹಾಕಿಕೊಂಡಳು. ಸಂಜೆಯವರೆಗೂ ಆ ಮನೆಯಿಂದ ಒಂದು ಪಾತ್ರೆಯ ಸದ್ದೂ ಬರಲಿಲ್ಲ.

೧೭ ಏಪ್ರಿಲ್, ಶನಿವಾರ

ಚಮನಸಾಬ ಬಂದ. ಬಾಗಲಕೋಟೆಯಲ್ಲಿ ರೈಲು ಇಳಿದು ಮಧ್ಯಾಹ್ನದ ಬಸ್ಸಿಗೆ. ಬಸ್ ನಿಲ್ದಾಣದಲ್ಲಿ ನನಗೆ ಗುರುತೇ ಹತ್ತಲಿಲ್ಲ. ಕಲ್ಲುಧೂಳು ಕುಡಿದ ಎದೆ ಮೊದಲೇ ಕೆಟ್ಟಿತ್ತು, ಈಗ ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಹೆಂಡತಿಯನ್ನು ನೋಡಿ ನಕ್ಕ. ನಮ್ಮ ಓಣಿಗೆ ಬಂದವನು ತನ್ನ ಮನೆ ದಾಟಿ ನಮ್ಮ ಮನೆಯ ಮುಂದೆ ನಿಂತ.

“ಕೈಕಾಲಿಗೆ ನೀರ ಕೊಡ್ರಿ ಅಕ್ಕೋರ. ಒಂದ ತಾಟೂ ಕೊಡ್ರಿ.”

ಕೈಕಾಲು ಮುಖ ತೊಳೆದು ಪಡಸಾಲೆಯಲ್ಲಿ ಕೂತ. ಅಂಗಿಯ ಗುಂಡಿ ಬಿಚ್ಚಿ, ಕೊರಳಿನಿಂದ ಒಂದು ಕರಿ ಬಟ್ಟೆಯ ಗಂಟನ್ನು ತೆಗೆದು, ಬಿಚ್ಚಿ, ತಾಟಿನಲ್ಲಿ ಇಟ್ಟ. ಬೆಳ್ಳಿಯ ಕರಡಿಗೆ. ಒಂದು ಬದಿ ನೆಗ್ಗಿದ್ದು. ಮದುವೆಯಲ್ಲಿ ನಾನೇ ಬಾಗಲಕೋಟೆಯಲ್ಲಿ ಮಾಡಿಸಿದ್ದು. ಒಳಗೆ ರಾಚಪ್ಪನ ಇಷ್ಟಲಿಂಗ, ಜೀವ ಇರುವವರೆಗೆ ಕೊರಳಿನಿಂದ ಇಳಿಯಬಾರದ್ದು.

ಶಿವಬಸವ್ವ ನೋಡಿದಳು. ಅಲ್ಲಿಯೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಅಳಬ್ಯಾಡ ತಂಗೀ, ಅವ ಚೆಂದ ಅದಾನ,” ಚಮನಸಾಬ ಗಾಬರಿಯಾದ. “ಅಲ್ಲಿ ಝಡತಿ ಭಾಳ. ಮೈಯೆಲ್ಲಾ ತಡವತಾರ. ಬೆಳ್ಳಿ ಕಂಡ್ರ ಬಿಡಂಗಿಲ್ಲ. ಎರಡ ಸರ್ತಿ ಕಸಗೊಂಡಿದ್ರು, ಕೈಕಾಲ ಬಿದ್ದ ಬಿಡಿಸಿಗೊಂಡ್ವಿ. ಮೂರನೇ ಸರ್ತಿ ಹ್ವಾದ್ರ ಹ್ವಾತು ಅಂತ ಅವನೇ ನನ್ನ ಕೊರಳಾಗ ಹಾಕಿ ಕಳಿಸ್ಯಾನ. ನನ್ನ ಕೊರಳಾಗ ಇದ್ರ ತಾಯತ ಅಂದ್ಕೊಂಡ ಬಿಡತಾರ ಅಂತ. ಹಂಗ ಆತು. ಸಿಪಾಯಿ ಮುಟ್ಟಿ ನೋಡಿ, ಕಣ್ಣಿಗೆ ಒತ್ಗೊಂಡ ಬಿಟ್ಟ.”

“ಮತ್ತ ಅವನ ಪೂಜಿ?” ನಾನು ಕೇಳಿದೆ.

“ಬರೇ ಅಂಗೈ ನೋಡ್ಕೋಂತ ಕೂಡ್ತಾನ್ರಿ. ದಿನಾ ಮುಂಜಾನಿ. ‘ನಾ ಬರೂತನಕಾ ಮನ್ಯಾಗ ಶಿವಬಸವ್ವ ಪೂಜಿ ನಡಸಲಿ’ ಅಂದಾನ.”

ಆಮೇಲೆ ಕೆಮ್ಮು ಹತ್ತಿಕೊಂಡಿತು. ರಂಜಾನಬಿ ಬಂದು ಕೈಹಿಡಿದು ಕರೆದೊಯ್ದಳು. ತಾಟು ಪಡಸಾಲೆಯ ನಡುವೆ ಇದ್ದಂತೆಯೇ ಇತ್ತು. ಶಿವಬಸವ್ವ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಸಂಜೆ ಆಕೆಯೇ ಎದ್ದು, ಸ್ನಾನ ಮಾಡಿ ಬಂದು, ತಾಟನ್ನು ಜಗುಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿದಳು.

೨೧ ಏಪ್ರಿಲ್, ಬುಧವಾರ

ಸುದ್ದಿ ಕಲಾದಗಿಗೆ ಮುಟ್ಟಿ ಗುರುಲಿಂಗಪ್ಪ ಕಾಕಾ ಬಂದ. ಸಂಗಡ ನಮ್ಮ ಮನೆತನದ ಅಯ್ಯನವರು ಬಸಯ್ಯ. ಕಾಕಾ ಜಗುಲಿ ನೋಡಿದವನೇ ಪೇಟ ತೆಗೆದು ಕೂತುಬಿಟ್ಟ.

“ಇನ್ನೇನ ಉಳೀತವಾ?”

“ಅವ ಜೀವಂತ ಅದಾನ ಕಾಕಾ. ಚಮನಸಾಬ ಕಣ್ಣಿಲೆ ನೋಡಿ ಬಂದಾನ.”

“ಜೀವಂತ ಇದ್ದಾವ ಲಿಂಗ ಬಿಚ್ಚಿ ಕೊಡತಾನೇನ? ಹಲ್ಲ ಕಿತ್ತ ಕೊಟ್ಟಾನು, ಲಿಂಗ ಕೊಡಾಕಿಲ್ಲ. ನಮ್ಮ ಮನಿತನದಾಗ ಯಾರರ ಕೊಟ್ಟಾರೇನ? ಎಂ.ಎ. ಓದೀದಿ, ಇಷ್ಟ ತಿಳೀವಲ್ದು?”

“ಸತ್ತಿದ್ರ ಸತ್ತಾನ ಅಂತಿದ್ದ. ಚಮನಸಾಬ ಸುಳ್ಳ ಹೇಳಾವಲ್ಲ.”

“ಇದಕ್ಕ ಸುಳ್ಳ ಅನ್ನಂಗಿಲ್ಲವಾ,” ಬಸಯ್ಯ ಮೆಲ್ಲಗೆ ಅಂದರು. “ಸಾಬ ಒಳ್ಳೆ ಮನಶ್ಯಾ. ಎದುರಿಗೆ ಹೆಣ್ಣಮಗಳ ಕುಂತಾಳ, ಹೆಂಗ ಹೇಳ್ಯಾನು? ನಾನಾಗಿದ್ರೂ ಹಂಗ ಹೇಳ್ತಿದ್ದೆ.”

ಹೆಣವಿದ್ದರೆ ಲಿಂಗ ಅದರ ಅಂಗೈಯಲ್ಲಿ ಕೂತು ಮಣ್ಣಿಗೆ ಹೋಗಬೇಕು. ಹೆಣ ಪರದೇಶದಲ್ಲಿ ಹೋಯಿತು, ಲಿಂಗ ಮನೆಗೆ ಬಂತು. ಅದನ್ನೇ ಕಲಾದಗಿಯ ಹೊಲದಲ್ಲಿ ಅಪ್ಪನ ಪಕ್ಕಕ್ಕೆ ಸಮಾಧಿ ಮಾಡಿ ಕಾರ್ಯ ಮುಗಿಸೋಣ ಎಂಬುದು ಕಾಕಾನ ಮಾತು. ಶಿವಬಸವ್ವನ ಕೈ ಕಡೆ ನೋಡಿ, “ಇದನ್ನೂ ಹಿಂಗ ಬಿಡಾಕ ಬರೂದಿಲ್ಲ” ಎಂದ.

ನನಗೆ ಏನಾಯಿತೋ. “ಆಕಿ ಬಳಿ ಮುಟ್ಟಿದ್ರ ನಾ ಸುಮ್ನಿರಂಗಿಲ್ಲ” ಅಂದೆ. ದನಿ ಏರಿತ್ತು. ನನ್ನ ಬಳೆ ಒಡೆದದ್ದು ಇದೇ ಕಾಕಾನ ಮನೆಯ ಹೊಸ್ತಿಲ ಮೇಲೆ. ಆಗ ನನಗೆ ಇಪ್ಪತ್ತೆರಡು. ಕಾಕಿ ಒಂದು ಕೈ ಹಿಡಿದಿದ್ದಳು. ಒಂದು ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಬಂದದ್ದಕ್ಕೆ ಆಕೆಯೇ ಅರಿಷಿಣ ಹಚ್ಚಿದಳು. ಕಾಕಾನಿಗೂ ನೆನಪಾಗಿರಬೇಕು. ಪೇಟ ಸುತ್ತಿಕೊಂಡು ಎದ್ದ. “ನಿನಗ ಹೆಂಗ ಬೇಕ ಹಂಗ ಮಾಡವಾ. ತಿಳಿದಾಗ ಕಾಗದ ಹಾಕು.”

ಇಷ್ಟು ಹೊತ್ತೂ ಶಿವಬಸವ್ವ ಒಳಗೆ ನೇಕಾರರ ಮನೆಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟೆ ಒಮ್ಮೆಯೂ ನಿಲ್ಲಲಿಲ್ಲ.

೨೨ ಏಪ್ರಿಲ್, ಗುರುವಾರ

ಚಮನಸಾಬನನ್ನು ಒಬ್ಬನೇ ಇದ್ದಾಗ ಕೇಳಿದೆ. “ಖರೆ ಹೇಳು, ನನ್ನ ಮುಂದ ಮುಚ್ಚಬ್ಯಾಡ.” ಅವನು ತಲೆ ಎತ್ತಿದ. “ಖರೇನ ಹೇಳೇನ್ರಿ ಅಕ್ಕೋರ. ಇನ್ನೆಂಗ ಹೇಳಲಿ?”

ಬರೇ ಅಂಗೈ ನೋಡಿಕೊಂಡು ಕೂರುತ್ತಾನೆ. ಆ ಮಾತು ನನ್ನನ್ನು ಬಿಡುತ್ತಿಲ್ಲ. ಬಹಳ ಚೆಂದದ ಮಾತು. ಅದೇ ತೊಂದರೆ. ಇಷ್ಟು ವರ್ಷ ಕವಿತೆ ಓದಿ ನನಗೆ ಒಂದು ಚಟ ಅಂಟಿದೆ: ಅತಿ ಚೆಂದದ ಸಾಲು ಕಂಡರೆ ಕಟ್ಟಿದ್ದಿರಬೇಕು ಎಂದು ಅನುಮಾನ. ಕಲ್ಲುಜ್ಜುವ ಚಮನಸಾಬನಿಗೆ ಇಂಥ ಮಾತು ಎಲ್ಲಿಂದ ಬಂತು? ದಾರಿಯುದ್ದಕ್ಕೂ, ನಮಗೆ ಏನು ಹೇಳಬೇಕೆಂದು ಯೋಚಿಸುತ್ತ ಬಂದವನಿಗೆ ಹೊಳೆದಿರಬಹುದು.

೨೬ ಮೇ, ಬುಧವಾರ

ಇರಾನು ತನ್ನ ಬಂದರು ಊರನ್ನು ಮರಳಿ ಗೆದ್ದುಕೊಂಡಿತಂತೆ. ರೇಡಿಯೋದಲ್ಲಿ ಎರಡರ ಬದಲು ಐದು ವಾಕ್ಯ. ಗೆದ್ದವರಿಗೆ ಕರುಣೆ ಬಂದು ಬಿಟ್ಟಾರು ಎಂದು ರಂಜಾನಬಿ. ಗೆದ್ದ ಮೇಲೆ ಸೊಕ್ಕು ಬರುತ್ತದೆ ಎಂದು ಅವಳ ಗಂಡ. ಸೆಕೆ. ಅರ್ಜಿ ಬರೆದು ಹಾಕಿದೆ. ಒಕ್ಕಣೆ ಕೈಗೆ ರೂಢಿಯಾಗಿದೆ, ಮನಸ್ಸು ಬೇರೆ ಕಡೆ ಇದ್ದರೂ ನಡೆಯುತ್ತದೆ.

೨೦ ಜೂನ್, ಭಾನುವಾರ

ಕಾಲೇಜು ಶುರುವಾಯಿತು, ನನ್ನ ಪಾಠಗಳೂ. ರೆಡ್ ಕ್ರಾಸಿಗೆ ಕೊಟ್ಟಿದ್ದ ನಮ್ಮ ಚೀಟಿ ಹೋದ ವಾರ ಮರಳಿ ಬಂತು. ಈ ಹೆಸರಿನವರು ಈ ಛಾವಣಿಯಲ್ಲಿ ಇಲ್ಲ, ಎಂದಿದೆ. ‘ಇಲ್ಲ’ ಅಷ್ಟೇ. ಚಮನಸಾಬ ಓದಿಸಿಕೊಂಡು, “ಬ್ಯಾರೆ ಕಡೆ ಒಯ್ದಿರ್ತಾರ್ರಿ, ಆಗಾಗ ಬದಲಿ ಮಾಡತಾರ” ಅಂದ. ಹೇಳಲು ಅವನಿಗೆ ಏನಾದರೂ ಇದ್ದೇ ಇರುತ್ತದೆ. ಒಳ್ಳೆಯವನು.

ಶಿವಬಸವ್ವ ದಿನಾ ಬೆಳಿಗ್ಗೆ ತನ್ನ ಲಿಂಗಪೂಜೆ ಮುಗಿಸಿ ಗಂಡನದನ್ನೂ ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಪದ್ಧತಿಯಿಲ್ಲ. ಬಸಯ್ಯನವರು ಕೇಳಿ ಹೌಹಾರಿದ್ದಾರಂತೆ. “ಅವರ ಕೈ ಖಾಲಿ ಐತಂತಲ್ರಿ ಅಕ್ಕಾರ, ಅವರ ಬದಲಿ ನಾ ಹಿಡದ ಕೂಡ್ತೇನಿ, ಅಷ್ಟ” ಅನ್ನುತ್ತಾಳೆ. ನಾನು ತಡೆಯಲಿಲ್ಲ.

ಸಂಜೆ ಚಹಾ ಮಾಡಿಕೊಂಡು ಕೂತಾಗ ರಾಚಪ್ಪ ನೆನಪಾದ. ಎಷ್ಟು ಸಪ್ಪಳ ಮಾಡಿ ಕುಡಿಯುತ್ತಿದ್ದ. ನಾನು ಎಷ್ಟು ಬೈಯುತ್ತಿದ್ದೆ. ಅಂಗಳದಲ್ಲಿ ಅಂಗಿ ಬಿಚ್ಚಿ ಮಲಗುತ್ತಿದ್ದ.

೨೫ ಜುಲೈ, ಭಾನುವಾರ

ರಂಜಾನ್ ಹಬ್ಬ ಆಯಿತು. ರಂಜಾನಬಿ ಹಾಲು, ಶಾವಿಗೆ, ಖಾರೀಕು ಒಣ ಒಣವಾಗಿಯೇ ತಂದುಕೊಟ್ಟಳು, ನಾವು ನಮ್ಮ ಪಾತ್ರೆಯಲ್ಲಿ ಮಾಡಿಕೊಳ್ಳಲೆಂದು. ಪ್ರತಿ ವರ್ಷದ ಹಾಗೆ.

ಇನ್ನೊಂದು ಗುಂಪನ್ನು ಬಿಟ್ಟರಂತೆ. ಬಾಗಲಕೋಟೆಯವರೆಗೆ ಹೋಗಿ ವಿಚಾರಿಸಿದೆ. ಇವನ ಹೆಸರಿಲ್ಲ. ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಹುನಗುಂದದಲ್ಲಿ ಎಚ್ಚರವಾಯಿತು. ನಿರಾಸೆಯಾಗಬೇಕಿತ್ತು. ಹಸಿವಾಗಿತ್ತು, ಅಷ್ಟೇ. ಈ ತಿಂಗಳು ಅರ್ಜಿ ಬರೆದಿಲ್ಲ. ಬರೆದರಾಯಿತು.

೫ ಸೆಪ್ಟೆಂಬರ್, ಭಾನುವಾರ

ಕಾಕಾನಿಗೆ ಕಾಗದ ಹಾಕಿದೆ. ಮುಂದಿನ ತಿಂಗಳ ಮೊದಲ ಸೋಮವಾರ ಸಮಾಧಿಯ ಕಾರ್ಯ ಆಗಲಿ ಎಂದು.

ಇದನ್ನು ನಾನು ಕಣ್ಣೀರು ಹಾಕಿಕೊಂಡು ಬರೆಯುತ್ತೇನೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಸೊಪ್ಪು ಸೋಸಿ, ಪ್ರಶ್ನೆಪತ್ರಿಕೆ ತೆಗೆದು, ಆಮೇಲೆ ಕೂತು ಬರೆದೆ. ಪೋಸ್ಟಿನ ಡಬ್ಬಿಗೆ ಹಾಕಿ ಬರುವಾಗ ಕಾಲು ಹಗುರಾಗಿತ್ತು. ಇಷ್ಟು ದಿನ ಒಂದು ತುದಿ ನಾನು ಹಿಡಿದು ಜಗ್ಗುತ್ತಿದ್ದೆ, ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲವೇನೋ. ಬಿಟ್ಟರೆ ತಪ್ಪೇನು? ಶಿವಬಸವ್ವನ ವಯಸ್ಸು ಇನ್ನೂ ಮೂವತ್ತೈದು ದಾಟಿಲ್ಲ. ಇದ್ದಾನೋ ಇಲ್ಲವೋ ಎಂದು ದಿನಾ ಏಳುವುದಕ್ಕಿಂತ ಇಲ್ಲ ಎಂದು ಒಂದು ದಿನ ಅತ್ತು ಏಳುವುದು ಆಕೆಗೂ ಒಳ್ಳೆಯದು. ನಾನೂ ಎದ್ದೆನಲ್ಲ. ಓದಿದೆ, ನೌಕರಿ ಹಿಡಿದೆ. ಬಳೆ ವಿಷಯದಲ್ಲಿ ಕಾಕಾನಿಗೆ ಗಟ್ಟಿಯಾಗಿ ಹೇಳುತ್ತೇನೆ, ಒಡೆಯುವುದು ಬೇಡ, ಮೆಲ್ಲಗೆ ತೆಗೆದರೆ ಸಾಕು ಎಂದು.

ಊಟವಾದ ಮೇಲೆ ಆಕೆಗೆ ಹೇಳಿದೆ. ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ.

“ನಿಮಗೂ ಹಂಗ ಅನಸತೈತೇನ್ರಿ ಅಕ್ಕಾರ?”

“ಅನಸತೈತಿ.”

“ನಿಮಗ ಅನಸಿದ್ರ ಆತು.” ಗಂಗಾಳ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತು ಬಿಟ್ಟು ಬಂದು, “ನೀವ ಗಟ್ಟಿ ಅದೀರಿ ಅಂತ ನಾನೂ ಗಟ್ಟಿ ಇದ್ದೆ” ಅಂದಳು.

ಅಂತೂ ಒಪ್ಪಿದಳು.

೧೯ ಸೆಪ್ಟೆಂಬರ್, ಭಾನುವಾರ

ಬಸಯ್ಯನವರಿಗೆ ಹೇಳಿ ಕಳಿಸಿದ್ದಾಯಿತು. ಕಲಾದಗಿಯಲ್ಲಿ ಹೊಲ ಹಸನು ಮಾಡಿಸುತ್ತಿದ್ದಾರಂತೆ. ಪಕ್ಕದ ಮನೆಗೆ ಹೇಳಿಲ್ಲ. ಚಮನಸಾಬ ದಿನಾ ಹೊರಗೆ ಬಿಸಿಲಿಗೆ ಕೂತಿರುತ್ತಾನೆ. ನಾನು ಕಾಲೇಜಿಗೆ ಹೊರಟಾಗ, “ದಿಲ್ಲಿದ ಏನರ ಬಂತ್ರ್ಯಾ ಅಕ್ಕೋರ?” ಅನ್ನುತ್ತಾನೆ. “ಇಲ್ಲ” ಅನ್ನುತ್ತೇನೆ. “ಬರತೈತ್ರಿ” ಅನ್ನುತ್ತಾನೆ. ಕಲಾದಗಿಯಿಂದ ಬಂದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ಒಂದು ಪುಸ್ತಕವನ್ನೂ ತೆರೆಯದೆ ಎಷ್ಟು ದಿನವಾಯಿತೋ.

೨೯ ಸೆಪ್ಟೆಂಬರ್, ಬುಧವಾರ

ಕಾಕಾನಿಗೆ ತಾರು ಕೊಟ್ಟು ಬಂದೆ. ‘ಸೋಮವಾರ ಕಾರ್ಯ ಇಲ್ಲ. ನಾವು ಬರುವುದಿಲ್ಲ.’ ಹಬ್ಬದ ರಜೆ, ತಾರಿನ ಕಚೇರಿಯಲ್ಲಿ ಒಬ್ಬನೇ ಕೂತಿದ್ದ. ಕಾರಣ ಸೇರಿಸಲೇ ಎಂದು ನೋಡಿದೆ, ತಾರಿನ ಮಾತಿಗೆ ಅದು ಹಿಡಿಸುವಂಥದ್ದಲ್ಲ. ಮನೆಗೆ ಬಂದು ದಿಲ್ಲಿಗೆ ಹೊಸ ಅರ್ಜಿ ಬರೆದೆ. ಆ ಒಂದು ಛಾವಣಿಯಲ್ಲಿ ಇಲ್ಲವೆಂದರೆ ಉಳಿದ ಎಲ್ಲ ಛಾವಣಿಗಳಲ್ಲಿ ಹುಡುಕಿಸಬೇಕು ಎಂದು. ಹಳೆಯ ಒಕ್ಕಣೆ ಬಿಟ್ಟೆ. ರಾಚಪ್ಪ ಚಹಾ ಇಲ್ಲದೆ ಇರಲಾರ ಎಂದೂ ಬರೆದಿದ್ದೆ, ಆಮೇಲೆ ಅದನ್ನು ಹೊಡೆದು ಹಾಕಿದೆ. ರೆಡ್ ಕ್ರಾಸಿಗೆ ಇನ್ನೊಂದು. ಬೆರಳು ನೋಯುತ್ತಿವೆ. ಆದರೂ ಮುಂಜಾನೆಯದನ್ನು ಬರೆಯದೆ ಏಳಲಾರೆ.

ಇವತ್ತು ಬಕ್ರೀದ್. ಪ್ರತಿ ಬಕ್ರೀದಿಗೆ ನಾನು ಆ ಬದಿಯ ಅಡುಗೆಮನೆ ಕಿಟಕಿ ಮುಚ್ಚುತ್ತೇನೆ. ನಮಗೆ ವಾಸನೆ ಆಗದು. ರಂಜಾನಬಿಗೆ ಗೊತ್ತು, ಆಕೆಯೂ ಆಡಿಲ್ಲ, ನಾನೂ ಆಡಿಲ್ಲ. ಈ ಸಲ ಸೋಮವಾರದ ಯೋಚನೆಯಲ್ಲಿ ಮುಚ್ಚಲು ಮರೆತಿದ್ದೆ. ಒಲೆಯ ಮುಂದೆ ಬಹಳ ಹೊತ್ತು ನಿಂತ ಮೇಲೆ ಅದು ಗಮನಕ್ಕೆ ಬಂತು. ವಾಸನೆ ಬಂದಿರಲಿಲ್ಲ.

ಅಷ್ಟರಲ್ಲಿ ರಂಜಾನಬಿಯೇ ಬಾಗಿಲಿಗೆ ಬಂದಳು. ಹೊಸ ಸೀರೆ. ಕೈಯಲ್ಲಿ ಖಾಲಿ ಬಟ್ಟಲು.

“ತೊಗರಿಬ್ಯಾಳಿ ಇದ್ರ ಒಂದ ಬಟ್ಟಲ ಕೊಡ್ರಿ ಅಕ್ಕೋರ. ಅಂಗಡಿ ಎಲ್ಲಾ ಮುಚ್ಯಾವ.”

“ಬಕ್ರೀದ ದಿನಾ ಬ್ಯಾಳಿ ಯಾಕ? ಕುರ್ಬಾನಿ ಮಾಡ್ಲಿಲ್ಲೇನ?”

“ಮಾಡಿದ್ವಿ. ಹಂಚಿದ್ವಿ. ನಮ್ಮ ಪಾಲೂ ಹಂಚಿಬಿಟ್ವಿ.” ಆಕೆ ಒಮ್ಮೆ ತನ್ನ ಮನೆಯ ಕಡೆ ತಿರುಗಿ ನೋಡಿದಳು. “ಅವರು ತಿನ್ನಂಗಿಲ್ರಿ.”

“ಡಾಕ್ಟರು ಬ್ಯಾಡ ಅಂದಾರೇನ?”

“ಡಾಕ್ಟರು ತಿನ್ನು ಅಂತಾರ. ಎದಿಗೆ ಬಲ ಬೇಕು, ಸೂಪ್ ಮಾಡಿ ಕುಡಸು ಅಂತಾರ. ಇವರು ಕೇಳವಲ್ರು.” ದನಿ ಇಳಿಸಿದಳು. “ಅಲ್ಲಿಂದ ಬಿಡೂ ದಿನಾ ರಾಚಣ್ಣನ ಕೈಮ್ಯಾಗ ಕೈ ಇಟ್ಟ ಹೇಳಿ ಬಂದಾರಂತ. ನಿನ್ನ ದೇವರ ನನ್ನ ಕೊರಳಾಗ ಕುಂತೈತಿ, ನೀ ಮನಿಗೆ ಬಂದ ತಿರಗಿ ಕಟ್ಟಿಗೊಳ್ಳೂತನಕಾ ನಾ ಮಾಂಸ ಮುಟ್ಟಂಗಿಲ್ಲ ಅಂತ. ರಂಜಾನಕ್ಕೂ ಮುಟ್ಟಲಿಲ್ಲ. ಅವರು ಬಿಟ್ಟಮ್ಯಾಲ ನಾ ಒಬ್ಬಾಕಿ ಹೆಂಗ ತಿನ್ಲಿ? ‘ಯಾರ ಮುಂದೂ ಆಡಬ್ಯಾಡ, ಜನಾ ನಗತಾರ’ ಅಂದಾರ. ನೀವೂ ಆಡಬ್ಯಾಡ್ರಿ ಮತ್ತ.”

ಸತ್ತವನು ಬಂದು ಕಟ್ಟಿಕೊಳ್ಳುವುದಿಲ್ಲ. ನಮ್ಮ ಸಮಾಧಾನಕ್ಕಾಗಿ ಸುಳ್ಳು ಹೇಳಿದವನು, ನಮಗೆ ಕಾಣದ ಹಾಗೆ ತನ್ನ ಮನೆಯೊಳಗೆ, ತನ್ನ ಹಬ್ಬದ ದಿನ, ತನ್ನ ಎದೆಯ ಬಲವನ್ನೂ ಬಿಟ್ಟು, ಇಂಥ ಆಣೆಯನ್ನು ಯಾಕೆ ನಡೆಸಿಯಾನು? ಸೋಮವಾರದ ವಿಷಯ ಆ ಮನೆಗೆ ಇನ್ನೂ ಗೊತ್ತೇ ಇಲ್ಲ. ಹಾಗಾದರೆ ರಾಚಪ್ಪ ಕೂರುತ್ತಾನೆ. ದಿನಾ ಮುಂಜಾನೆ, ಬರಿಯ ಅಂಗೈ ನೋಡಿಕೊಂಡು.

ನನ್ನ ಹಿಂದೆ ರಾಟೆ ನಿಂತಿತ್ತು. ಶಿವಬಸವ್ವ ಯಾವಾಗ ಬಂದು ನಿಂತಳೋ. ರಂಜಾನಬಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಚೆಲ್ಲುವಷ್ಟು ತುಂಬಿಸಿ ತಂದಳು. ಕೊಡುವಾಗ ಎರಡೂ ಕೈಯ ಬಳೆ ಸದ್ದಾದವು. ನನ್ನ ಕಡೆ ನೋಡಿ, “ಅಕ್ಕಾರ, ತಾರಿನ ಆಫೀಸ ಇವತ್ತ ತಗದಿರತೈತೇನ್ರಿ?” ಎಂದು ಕೇಳಿದಳು.

ರಂಜಾನಬಿಗೆ ಅದೇನೆಂದು ತಿಳಿಯಲಿಲ್ಲ. ದಿಲ್ಲಿಗೆ ತಾರು ಕೊಡುತ್ತೇವೆ ಎಂದುಕೊಂಡಿರಬೇಕು. ಬ್ಯಾಳಿ ಚೆಲ್ಲದ ಹಾಗೆ ಬಟ್ಟಲನ್ನು ಎದೆಗೆ ಹಿಡಿದುಕೊಂಡು ಮೆಟ್ಟಿಲು ಇಳಿದವಳು ಮತ್ತೆ ತಿರುಗಿದಳು.

“ಕೊಡ್ರಿ, ಕೊಡ್ರಿ. ಜಲ್ದಿ ಕರಸ್ರಿ ರಾಚಣ್ಣನ್ನ,” ಅಂದಳು. “ಹಬ್ಬ ಹಬ್ಬಕ್ಕ ಬ್ಯಾಳಿ ಕುದಿಸಿ ಕುದಿಸಿ ನನಗರ ಸಾಕಾಗೈತಿ.”